ಕರುಣೆ ಮೇಷ್ಟ್ರ ಗೋಡೆ ಪರೀಕ್ಷೆ

ನಮ್ಮ ಕಾಲೇಜಿನಲ್ಲಿ ಆತನನ್ನು ಎಲ್ಲರೂ ಕರುಣೆ ಮೇಷ್ಟ್ರು ಎನ್ನುತ್ತಾರೆ. ಹೆಸರಿಟ್ಟವಳು ಅಲ್ಲೇ ಪಾಠ ಮಾಡುವ ನಾನೇ. ಅದು ಹೊಗಳಿಕೆಯೆಂದು ಆತ ಇವತ್ತಿಗೂ ನಂಬಿದ್ದಾನೆ. ಓದು ಬರಹದಲ್ಲಿ ತೊಡಕಿರುವ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಪ್ರಶ್ನೆ ಓದಿ ಹೇಳುವವರು, ಇಂಥ ಅನುಕೂಲ ಕೊಡಿಸುವ ವಿಭಾಗಕ್ಕೆ ಆತನೇ ಮುಖ್ಯಸ್ಥ. ಆ ಹುದ್ದೆಗೆ ಕಾಡಿ ಬೇಡಿದ್ದು ಮಕ್ಕಳ ಮೇಲಿನ ಅಕ್ಕರೆಯಿಂದಲ್ಲ, ಅದರ ಜೊತೆಗೆ ಸಿಗುವ ಪ್ರತ್ಯೇಕ ಕೋಣೆಯ ಆಸೆಗೆ. ವೇದಿಕೆ ಹತ್ತಿದರೆ ‘ಇವರೆಲ್ಲ ನನ್ನ ಮಕ್ಕಳು’ ಎಂದು ಗಂಟಲು ಕಟ್ಟಿಸಿಕೊಳ್ಳುತ್ತಾನೆ. ಅದೇ ಮಕ್ಕಳು ಕೋಣೆಗೆ ಬಂದರೆ ಕಳ್ಳರನ್ನು ನೋಡಿದಂತೆ ನೋಡುತ್ತಾನೆ.

ಡಾಕ್ಟರ ವರದಿ ಆತನಿಗೆ ಸಾಲದು. ಗೋಡೆಗೆ ಅಂಟಿಸಿರುವ ಕಾಲೇಜಿನ ನಿಯಮಗಳನ್ನು ಪ್ರತಿಯೊಬ್ಬರೂ ಆತನೆದುರು ಗಟ್ಟಿಯಾಗಿ ಓದಬೇಕು. ತಡವರಿಸಿದರೆ ಅನುಕೂಲದ ಅರ್ಜಿಗೆ ಸಹಿ ಸಿಗುತ್ತದೆ, ಇಲ್ಲದಿದ್ದರೆ ಮನೆ ದಾರಿ.

ನನ್ನ ಅಕ್ಕನ ಮಗಳಿಗೆ ಅಕ್ಷರಗಳು ಕಣ್ಣೆದುರು ನಿಲ್ಲುವುದಿಲ್ಲ. ಕಿವಿಗೆ ಬಿದ್ದದ್ದು ಮಾತ್ರ ಮರೆಯುವುದಿಲ್ಲ. ಒಂದೇ ವಿಷಯದಲ್ಲಿ ಎರಡು ಸಲ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ಕಾಲೇಜು ಬಿಡಬೇಕಿತ್ತು. ಅವಳ ಜೊತೆ ನಾನೂ ಹೋದೆ. ಹೊರಗಿನ ಬೆಂಚಿನಲ್ಲಿ ಕಾಯುವಾಗ ಒಳಗಿನವರು ತಡವರಿಸುವುದು, ಆತ ತಾನೇ ಗಟ್ಟಿಯಾಗಿ ಓದಿ ತಿದ್ದುವುದು, ಎಲ್ಲ ಕೇಳಿಸುತ್ತಿತ್ತು.

ನಮ್ಮ ಸರದಿ ಬಂದು ಇಬ್ಬರೂ ಒಳಗೆ ಹೋದೊಡನೆ ಅವಳು ಗೋಡೆ ನೋಡುತ್ತಾ ಎಲ್ಲ ನಿಯಮಗಳನ್ನೂ ಗಡಗಡ ಒಪ್ಪಿಸಿಬಿಟ್ಟಳು. ಚಿಕ್ಕಂದಿನಿಂದ ಹೀಗೇ ಪಾರಾಗುತ್ತಾ ಬಂದವಳು, ಗಾಬರಿಯಲ್ಲಿ ಮತ್ತೇನು ಮಾಡಿಯಾಳು?

“ನೋಡಿ ಮೇಡಂ, ನೀರು ಕುಡಿದಂಗೆ ಓದ್ತಾಳೆ! ಇವಳಿಗೇನು ಧಾಡಿ? ಸೋಮಾರಿತನ ಅಷ್ಟೇ.”

“ಅವಳು ಓದಲಿಲ್ಲ ಸರ್, ಹೊರಗೆ ಕೂತು ಕೇಳಿಸ್ಕೊಂಡಿದ್ದನ್ನ ಹೇಳಿದ್ಲು. ಬೇರೆ ಏನಾದ್ರೂ ಕೊಟ್ಟು ನೋಡಿ.”

ಆತ ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಅವಳತ್ತ ತಳ್ಳಿದ.

“ಬೇಡ ಚಿಕ್ಕಮ್ಮ,” ಅಂದಳು. ಬಾಗಿಲಲ್ಲಿ ಅವಳ ತರಗತಿಯವರೇ ನಿಂತಿದ್ದರು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬೇರೆ ದಾರಿ ಇರಲಿಲ್ಲ.

ಒಂದು ಸಾಲು ದಾಟುವಷ್ಟರಲ್ಲಿ ಅವಳು ಹತ್ತು ಕಡೆ ತಡವರಿಸಿದಳು. ಯಾರೋ ಕಿಸಕ್ಕೆಂದರು. ಇಷ್ಟು ವರ್ಷ ಗೆಳತಿಯರಿಂದಲೂ ಮುಚ್ಚಿಟ್ಟದ್ದು ಎಲ್ಲರೆದುರು ಬಯಲಾಯಿತು. ಕರುಣೆ ಮೇಷ್ಟ್ರ ಮುಖ ಮಾತ್ರ ಅರಳಿತು.

“ಭೇಷ್! ಇದನ್ನೇ ಮೊದ್ಲು ಮಾಡೋಕೆ ಏನಾಗಿತ್ತಮ್ಮ?” ಎಂದು ಸಹಿ ಹಾಕಿ ಕೊಟ್ಟ. ಆತನ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂದಿತ್ತು ನನಗೆ.

ಅಕ್ಕನ ಮಗಳು ಹಾಳೆ ತೆಗೆದುಕೊಂಡು ಕಣ್ಣೊರೆಸಿಕೊಂಡಳು.

“ಸರ್, ನಿಮಗೆ ಓದೋಕೆ ಬರುತ್ತಲ್ಲ,” ಅಂದಳು. “ಡಾಕ್ಟರ್ ಬರೆದಿದ್ದನ್ನ ನೀವೇ ಓದಿದ್ರೆ ಸಾಕಾಗ್ತಿತ್ತು.”