ಗದಿಗೆಪ್ಪ ಮಾಸ್ತರರ ಪೇಟಿ

ಮಗಳು ಹಾಡಲಿ ಎಂದು ಆಸೆಪಟ್ಟು ಕೋಕಿಲಾ ಎಂಬ ಹೆಸರಿಟ್ಟವರು ಗದಿಗೆಪ್ಪ ಮಾಸ್ತರರು. ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವರು. ಆದರೆ ಕೋಕಿಲಾ ಹಾಡಿದ್ದನ್ನು ಗದಗಿನಲ್ಲಿ ಯಾರೂ ಕೇಳಲಿಲ್ಲ, ಈಗ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲೂ ಯಾರೂ ಕೇಳಿಲ್ಲ. ಕಿವಿ ಮಾತ್ರ ಅಪ್ಪನದೇ. ಎಂಟರ ಹುಡುಗಿಯಿದ್ದಾಗಲೇ ಪೇಟಿಯೊಳಗಿನ ಯಾವ ಹಿತ್ತಾಳೆ ರೀಡಿಗೆ ಧೂಳು ಸೇರಿದೆ ಎಂದು ಆಚೆ ಕೋಣೆಯಿಂದ ಕೂಗಿ ಹೇಳುತ್ತಿದ್ದಳು. ಅದಕ್ಕೇ ಮಾಸ್ತರರು ಕೊನೆಗಾಲದಲ್ಲಿ, ಆಸೆಗಣ್ಣಿಟ್ಟು ಕಾದಿದ್ದ ಶಿಷ್ಯರನ್ನೆಲ್ಲ ಬಿಟ್ಟು, "ಪೇಟಿ ಕೋಕಿಲಾಗ ಕೊಡ್ರಿ" ಎಂದರು. ನುಡಿಸಲು ಬಾರದವಳಿಗೆ ಪೇಟಿ! ಶಿಷ್ಯರ ಹೊಟ್ಟೆ ಉರಿದುಹೋಯಿತು.

ಎರಡು ಕಂಬಳಿ ಸುತ್ತಿಕೊಂಡು 2001ರಲ್ಲಿ ಪೇಟಿ ಕೇಟಿಗೆ ಬಂತು. ಗಂಡ ಮೋಹನರಾಜ ಆಫೀಸಿಗೆ ಹೊರಟ ಮೇಲೆ ಕೋಕಿಲಾ ದಿನವೂ ಅದರ ಮುಂದೆ ಕೂರುತ್ತಿದ್ದಳು. ಎಡಗೈಯಲ್ಲಿ ತಿದಿ ಒತ್ತಿ, ಬಲಗೈಯ ಒಂದೇ ಬೆರಳಿನಿಂದ ಕರಿ ಬಿಳಿ ಕೀಗಳನ್ನೆಲ್ಲ ಒಂದೊಂದು ಸಲ ಒತ್ತುವುದು, ಅಷ್ಟೇ. ಹಾಡಿಲ್ಲ, ರಾಗವಿಲ್ಲ. ರೀಡುಗಳನ್ನು ಉಸಿರಾಡಿಸಿದರೆ ಅವಳಿಗೆ ಆ ದಿನ ಸರಿಯಾಗಿ ಶುರುವಾದಂತೆ. ಗಂಡ ನಗುತ್ತಿದ್ದ, ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೂರು ವರ್ಷ ಹೀಗೆ ಕಾಪಾಡಿದವಳು ಒಂದು ಬೇಸಿಗೆಯಲ್ಲಿ ಎಡವಿದಳು. ಗಂಡನ ಜೊತೆ ಐದು ವಾರಕ್ಕೆ ಊರಿಗೆ ಹೊರಟಾಗ, ಖಾಲಿ ಮನೆಗೆ ಯಾಕೆ ಎಂದು ಎಸಿ ಆರಿಸಿದಳು. ನಮ್ಮವರ ಹಳೆಯ ಚಾಳಿ. ಗದಗಿನ ಒಣ ಹವೆಯಲ್ಲಿ ಬೆಳೆದ ಮರ ಹ್ಯೂಸ್ಟನ್ನಿನ ತೇವ ಕುಡಿದು ಉಬ್ಬಿತು. ತಿರುಗಿ ಬಂದು ನೋಡಿದರೆ ತಿದಿಗೆ ಬೂಷ್ಟು, ಕೀಗಳು ಒತ್ತಿದರೆ ಮೇಲೇಳವು, ಆರೇಳು ರೀಡುಗಳು ಶ್ರುತಿ ಬಿಟ್ಟಿದ್ದವು. ಕೋಕಿಲಾ ಪೇಟಿ ಹಿಡಿದುಕೊಂಡು ಅತ್ತಳು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಪಿಯಾನೋ ಅಂಗಡಿಯವರು ಕೈ ಹಾಕಲು ಒಪ್ಪಲಿಲ್ಲ. ಕೊನೆಗೆ ಆಸ್ಟಿನ್‌ನಲ್ಲಿ ಓದುತ್ತಿದ್ದ, ಕನ್ನಡ ಸಂಘದಲ್ಲಿ ಹಾಡುತ್ತಿದ್ದ ಮಗಳು ಪ್ರಗತಿ, ಡೊಮಿಂಗೊ ಎಂಬ ಮುದುಕನನ್ನು ಪತ್ತೆ ಮಾಡಿದಳು. ಎದೆಗೆ ಕಟ್ಟಿಕೊಂಡು ನುಡಿಸುವ ಅಕಾರ್ಡಿಯನ್ನುಗಳನ್ನು ರಿಪೇರಿ ಮಾಡುವ ಮೆಕ್ಸಿಕನ್. ಅವನ ಗ್ಯಾರೇಜಿನಲ್ಲಿ ಪೇಟಿ ಒಂದು ತಿಂಗಳಿತ್ತು. ಮರ ಒಣಗಿತು, ತಿದಿಗೆ ಹೊಸ ಚರ್ಮ ಬಂತು. ಉಳಿದದ್ದು ಶ್ರುತಿ ಒಂದೇ. ಅಂದು ತಾಯಿ ಮಗಳು ಇಬ್ಬರೂ ಹೋದರು.

ಡೊಮಿಂಗೊ ಶ್ರುತಿ ನೋಡುವ ಮೀಟರನ್ನು ಮುಂದಿಟ್ಟು, ಇದರಂತೆ ಮಾಡಲೇ ಎಂದು ಕೇಳಿದ.

"ಮಾಡ್ಸೋಣ ಅವ್ವಾ," ಎಂದಳು ಪ್ರಗತಿ. "ಕೀಬೋರ್ಡ್ ಜೋಡಿ ಮ್ಯಾಚ್ ಆಗ್ತದ. ಸಂಘದ ಪ್ರೋಗ್ರಾಮ್‌ನಾಗ ಯೂಸ್ ಮಾಡ್ಬಹುದು."

"ಏನೂ ಬ್ಯಾಡ. ಅಪ್ಪನ ಸ್ವರ ಹೆಂಗಿತ್ತೋ ಹಂಗ ಇರಬೇಕು. ನಾ ಕೇಳಿ ಹೇಳ್ತೀನಿ, ಅವರು ಮಾಡ್ಲಿ."

ಮುದುಕ ಒಂದು ರೀಡನ್ನು ಚಿಮಟದಲ್ಲಿ ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದ. ಹಿತ್ತಾಳೆ ನಾಲಿಗೆಯ ತುದಿಯಲ್ಲೂ ಬುಡದಲ್ಲೂ ಅರದಿಂದ ಕೆರೆದ ಗೀರುಗಳು, ಒಂದರ ಮೇಲೊಂದು. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ ಎಂದು ಪ್ರಗತಿ ಅವನ ಮಾತನ್ನು ತಾಯಿಗೆ ತಿಳಿಸಿದಳು. ಯಾರೋ ಇದನ್ನು ಹತ್ತಾರು ಸಲ ಬದಲಿಸಿದ್ದಾರೆ. ಹಿತ್ತಾಳೆ ಸವೆದಿದೆ, ಇನ್ನೊಂದು ಸಲಕ್ಕೆ ಮಾತ್ರ ತಾಳೀತು.

ಕೋಕಿಲಾ ಗಾಜಿನ ಮೇಲೆ ಬಗ್ಗಿ ಗೀರುಗಳನ್ನು ನೋಡಿದಳು. ಕಂಪನಿಗೆ ಹೊಸ ನಟ ಬಂದಾಗಲೆಲ್ಲ ಅಪ್ಪ ಅವನನ್ನು ಎದುರಿಗೆ ಕೂರಿಸಿ ಹಾಡಿಸುತ್ತ, ಅವನ ದನಿಗೆ ಹೊಂದಿಸಲು ಪೇಟಿ ಬಿಚ್ಚಿ ಅರ ಹಿಡಿದು ಕೂರುತ್ತಿದ್ದದ್ದು ನೆನಪಾಯಿತು. ಕೊನೆಗೆ ಬಂದವನು ದೊಡ್ಡಣ್ಣ, ರಾಜನ ಪಾತ್ರದವನು, ಭಾರಿ ಗಂಟಲು. ಅವನ ಕಾಲಕ್ಕೇ ಕಂಪನಿ ಮುಚ್ಚಿತು, ಪೇಟಿ ಹಾಗೇ ಉಳಿಯಿತು. ಇಷ್ಟು ವರ್ಷ ಅಪ್ಪನ ಸ್ವರವೆಂದು ತಾನು ಜೋಪಾನ ಮಾಡಿದ್ದು ದೊಡ್ಡಣ್ಣನ ಗಂಟಲನ್ನು! ಅವಳಿಗೆ ನಗು ಬಂತು, ಹಿಂದೆಯೇ ಸಂಕಟವೂ ಬಂತು. ಒಂದೇ ಸಲ ಉಳಿದಿದೆ. ಕೆರೆದುಬಿಟ್ಟರೆ ತಾನು ಇಷ್ಟು ವರ್ಷ ಕೇಳಿದ ಆ ಸದ್ದು ಮತ್ತೆ ಕಿವಿಗೆ ಬೀಳದು.

"ಆ ಮೀಟರ್ ಒಳಗ ಇಡಾಕ ಹೇಳು," ಎಂದಳು. "ನೀ ಹಾಡು."

"ಇಲ್ಲೇ? ಅವ್ವಾ, ಪ್ಲೀಸ್! ಅಜ್ಜನ ಪೇಟಿ ನನ್ನ ವಾಯ್ಸ್‌ಗೆ ಯಾವತ್ತೂ ಸೇರಿಲ್ಲ."

"ಅದಕ್ಕ ಹಾಡು ಅಂದೆ. ಕೀಬೋರ್ಡಿಗಲ್ಲ, ನಿನಗ ಸೇರ್ಲಿ."

ಪ್ರಗತಿ ತಾಯಿಯ ಮುಖ ನೋಡಿದಳು. ಗಂಟಲು ಸರಿಮಾಡಿಕೊಂಡು ತನ್ನ ಷಡ್ಜ ಹಿಡಿದಳು. ಮೊದಲು ನಡುಗಿದ ದನಿ ನಿಧಾನಕ್ಕೆ ನಿಂತಿತು. ಡೊಮಿಂಗೊ ಅರ ಎತ್ತಿಕೊಂಡ. ಕಪ್ಪು ಬಟ್ಟೆಯ ಮೇಲೆ ಹಿತ್ತಾಳೆಯ ಪುಡಿ ಉದುರತೊಡಗಿತು. ಕೋಕಿಲಾ ಕಣ್ಣು ಮುಚ್ಚಿದಳು. ರೆಪ್ಪೆ ಒದ್ದೆಯಾಗಿತ್ತು.

"ಇನ್ನೂ ಒಂದೀಟು ಇಳಸ್ಬೇಕು," ಎಂದಳು.

ಮಗಳು ಹಾಡು ನಿಲ್ಲಿಸದೆ, ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ ಮುದುಕನಿಗೆ ತೋರಿಸಿದಳು.