ಎತ್ತರದ ಗಾಡಿ, ತಗ್ಗಿನ ಗಾಡಿ

ಭಾವ ಕಾರಿನ ಹಿಂದಿನ ಬಾಗಿಲು ತೆಗೆದವರು ಅದನ್ನು ಹಿಡಿದುಕೊಂಡೇ ನಿಂತುಬಿಟ್ಟರು.

ನಾನು ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದೆ. ಗಾಡಿ ಮಾರುತ್ತಿದ್ದ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ನನ್ನ ಪಕ್ಕದಲ್ಲಿದ್ದರು. ಟೆಸ್ಟ್ ಡ್ರೈವ್‌ಗೆ ಹೊರಡಬೇಕು. ಭಾವ ಸ್ವಲ್ಪ ಬಗ್ಗಿ ಎಡಗೈಯನ್ನು ಸೀಟಿನ ಅಂಚಿಗೆ ತಂದರು. ಬಾಡಿಗೆ ಕಾರು ಹತ್ತುವಾಗೆಲ್ಲ ಬಾಗಿಲಿಗೆ ಸಿಕ್ಕದಂತೆ ಅಕ್ಕನ ಸೀರೆಯ ಸೆರಗನ್ನು ಒಳಗೆ ಸರಿಸುತ್ತಿದ್ದ ಕೈ ಅದು.

"ಇನ್ಯಾರಾದ್ರೂ ಬರೋರಿದಾರಾ ಸಾರ್?" ಎಂದರು ವ್ಯಾಪಾರಿ.

"ಇಲ್ಲ, ಇಲ್ಲ. ನಾನೇ" ಎಂದು ಭಾವ ಹತ್ತಿ ಕೂತರು.

ಅಕ್ಕ ನಿಮಗೆಲ್ಲ ಗೊತ್ತು. ಈ ಅಂಕಣದೊಳಗೆ ಆಗಾಗ ಬಂದು ನನ್ನನ್ನು ಬೈದು ಹೋಗುತ್ತಿದ್ದಳು. (ಪೇಪರ್ ಬಂದ ಬೆಳಿಗ್ಗೆಯೇ ಫೋನು: "ಏನೇ, ಮತ್ತೆ ನನ್ ಮಾನ ಕಳ್ದಿದೀಯಂತೆ?") ಯುಗಾದಿಗೆ ಮುಂಚೆ ಅವಳು ತೀರಿಕೊಂಡಳು. ಅದನ್ನು ಇಲ್ಲಿ ಬರೆಯಲು ನನಗೆ ಇಷ್ಟು ದಿನ ಕೈ ಬಂದಿರಲಿಲ್ಲ.

ಭಾವನಿಗೆ ಡ್ರೈವಿಂಗ್ ಬರುವುದಿಲ್ಲ, ನನಗೆ ಬರುತ್ತದೆ. ಮೂವರೂ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವುದೆಂದು ಬಹಳ ದಿನದಿಂದ ಮಾತಿತ್ತು. ಮಾತೇನು, ಜಗಳವೇ! ಅಕ್ಕನಿಗೆ ಎತ್ತರದ ಗಾಡಿಯೇ ಆಗಬೇಕು. "ಬಸ್ಸಲ್ಲಿ ಕೂತಂಗಿರ್ಬೇಕು ಕಣೇ. ಬೇಲಿ ಆಚೆ ಯಾರ್ ಹೊಲದಲ್ಲಿ ಏನ್ ಹಾಕವ್ರೆ ಅಂತ ಕಾಣ್ಬೇಕು." ನಾನು ತಗ್ಗಿನ ಗಾಡಿಯ ಪರ. ಅವಳ ಮಂಡಿನೋವು ನನಗೆ ಗೊತ್ತು. ಆದರೆ ಬಾಯಲ್ಲಿ ಮೈಲೇಜು, ಪಾರ್ಕಿಂಗ್ ಎನ್ನುತ್ತಿದ್ದೆ. "ನನ್ ಮಂಡಿ ಹೆಸ್ರು ಹೇಳೋಕೆ ನಿಂಗ್ಯಾಕೆ ಅಷ್ಟು ಸಂಕೋಚ?" ಎಂದು ನಗುತ್ತಿದ್ದಳು.

ಅವಳು ಹೋದ ಮೇಲೆ ಕಾರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮೊನ್ನೆ ಭಾವನೇ ಫೋನ್ ಮಾಡಿದರು. "ಎರಡು ಗಾಡಿ ಇದಾವಂತೆ ಕಣಮ್ಮ. ಇಲ್ಲೇ ಅರಸೀಕೆರೇಲೊಂದು, ಹಳೇಬೀಡಲ್ಲೊಂದು. ಅವಳಿಲ್ಲ ಅಂತ ಅದನ್ನೂ ಬಿಟ್ಬಿಡೋದಾ?"

ಬೇಲೂರಿನಿಂದ ಬೆಳಗಿನ ಬಸ್ಸಿಗೇ ಹೊರಟೆ.

ವ್ಯಾಪಾರಿಯದು ಎತ್ತರದ ಗಾಡಿ. ಡೀಸೆಲ್. ಹೊಸ ಟೈರು, ಕ್ಲಚ್ಚು ಸ್ವಲ್ಪ ಗಟ್ಟಿ. ಮಾಲೇಕಲ್ಲಿನ ಕಡೆಗೆ ಒಂದು ಸುತ್ತು ಓಡಿಸಿದೆ. ಬೇಲಿಯಾಚೆ ತೆನೆ ಬಿಟ್ಟ ರಾಗಿ, ತೆಂಗಿನ ಬುಡದಲ್ಲಿ ಹುರುಳಿ, ಎಲ್ಲ ಕಂಡವು. ಅಷ್ಟು ಚೆನ್ನಾಗಿ ಕಾಣಬೇಕಿತ್ತಾ?

ಹಿಂದಿನ ಸೀಟಿನಲ್ಲಿ ಭಾವ ಒಂದು ಬದಿಗೆ ಸರಿದು ಕೂತಿದ್ದರು.

ಮಧ್ಯಾಹ್ನ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಬಂದೆವು. ಬಸದಿ ಕಡೆಯ ಬೀದಿಯಲ್ಲಿ ಜೈನರ ಮನೆ. ಯಜಮಾನರು ನೀರು, ಬೆಲ್ಲ ಕೊಟ್ಟು ಆಮೇಲೆ ಕೀ ಕೊಟ್ಟರು. ಪೆಟ್ರೋಲ್ ಗಾಡಿ. ಹೆಚ್ಚು ಓಡಿಲ್ಲ. ಬಂಪರಿನ ಮೇಲೊಂದು ಗೀರು. ಸೀಟು ಎಷ್ಟು ತಗ್ಗೆಂದರೆ ಮನೆಯ ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು.

"ಇದೇ ಸರಿ" ಎಂದರು ಭಾವ. "ಅವಳಿಗೆ ಹತ್ತೋಕೆ ಸಲೀಸು."

"ಅವಳು ಕೇಳಿದ್ದು ಆ ಗಾಡಿ, ಭಾವ." (ಇಷ್ಟು ಕಾಲ ತಗ್ಗಿನ ಗಾಡಿಗೆ ವಾದ ಮಾಡಿದವಳು ನಾನೇನಾ?)

"ಅವಳೇನೋ ಕೇಳ್ತಾಳೆ. ಹತ್ತೋವಾಗ ಅಯ್ಯಪ್ಪಾ ಅನ್ನೋದನ್ನ ಕೇಳ್ಸ್ಕೊಳೋನು ನಾನು."

"ಫುಟ್‌ಸ್ಟೆಪ್ ಹಾಕ್ಸಿದ್ರಾಯ್ತು."

"ಜಾರಿದ್ರೆ? ನೀನೇನು, ಬೇಲೂರಲ್ಲಿರ್ತೀಯ."

"ನೀವು ಕೈ ಹಿಡ್ಕೊಳಲ್ವಾ?"

"ಹಿಡ್ಕೊಳೋಕೆ ಬಿಡ್ತಾಳಾ ಅವ್ಳು?"

ಇಬ್ಬರ ದನಿಯೂ ಏರಿತ್ತು. ನಾವು ಏನು ಮಾಡುತ್ತಿದ್ದೇವೆಂದು ನಮಗೆ ತಿಳಿಯದೆ ಇರಲಿಲ್ಲ. ಆದರೂ ನಿಲ್ಲಿಸಲು ಮನಸ್ಸಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅಕ್ಕನ ಬಗ್ಗೆ 'ಕೇಳ್ತಾಳೆ', 'ಬಿಡ್ತಾಳಾ' ಎಂದು ಮಾತಾಡುತ್ತಿದ್ದೆವು. 'ಕೇಳ್ತಿದ್ಳು' ಎಂದು ತಿದ್ದುವವರು ಅಲ್ಲಿ ಯಾರೂ ಇರಲಿಲ್ಲ.

ಯಜಮಾನರಿಗೇ ಕನಿಕರ ಬಂತು. "ಅಲ್ಲ ಕಣ್ರೀ, ಕೂರೋರು ಅವ್ರು. ನೀವಿಬ್ರು ಯಾಕೆ ಕಿತ್ತಾಡ್ತೀರಾ? ಭಾನುವಾರ ಅವ್ರನ್ನೇ ಕರ್ಕೊಂಡ್ ಬನ್ನಿ, ಹತ್ತಿ ನೋಡ್ಲಿ. ಅಲ್ಲೀವರ್ಗೂ ಗಾಡಿ ಯಾರಿಗೂ ಕೊಡಲ್ಲ."

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಭಾವನ ಮುಖ ನೋಡಿದೆ. ಅವರು ನೆಲ ನೋಡಿದರು.

"ಆಯ್ತು, ಕರ್ಕೊಂಡ್ ಬತ್ತೀವಿ" ಎಂದರು ಭಾವ. ನಾನೂ ತಲೆಯಾಡಿಸಿದೆ.

ನಾಳೆ ಭಾನುವಾರ. ಅಕ್ಕ ಬರುತ್ತಾಳೆಂದು ನಂಬಿ ಕಾಯುತ್ತಿರುವವರು ಈ ಲೋಕದಲ್ಲಿ ಈಗ ಹಳೇಬೀಡಿನ ಆ ಯಜಮಾನರೊಬ್ಬರೇ. ಅವರಿಗೆ ನಾನು ಹೇಗೆ ಹೇಳಲಿ?