ಚಪ್ಪಲಿ ಬಿಟ್ಟು ಹಾಡುವ ಅಕ್ಕ

ಸೇಡಂನ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತ ನಮ್ಮ ಅಕ್ಕ ಹಾಡಿದ ಹಾಡನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಅದು ಊರೂರು ತಿರುಗಿತು. ಚಿತ್ತಾಪುರದವರು ಕರೆದರು, ಶಹಾಬಾದಿನವರು ಕರೆದರು. ಅಲ್ಲಿಂದ ಅಕ್ಕ ತಣ್ಣೀರು ಕುಡಿಯುವುದನ್ನು ಬಿಟ್ಟಳು. ಬಿಸಿನೀರಿನ ಥರ್ಮಾಸ್ ಹೊರುವ ಕೆಲಸ ನನಗೆ ಬಂತು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನ್ನನ್ನು ಆಕೆ, "ಇವರು ನಮ್ಮ ಮ್ಯಾನೇಜರ್ ರೀ" ಎಂದು ನಗದೆ ಪರಿಚಯಿಸುತ್ತಿದ್ದಳು.

ಹೆಸರು ಬಂದರೂ ಒಂದು ರೂಢಿ ಮಾತ್ರ ಬಿಡಲಿಲ್ಲ. ಚಪ್ಪಲಿ ಮೆಟ್ಟಿ ಹಾಡುವುದಿಲ್ಲ. ಅವ್ವ ಕಲಿಸಿದ್ದೇ ಹಾಗೆ.

ಚಿಂಚೋಳಿಗೆ ಹತ್ತಿದ ಚಂದಾಪುರದಲ್ಲಿ ಒಂದು ಸಂಜೆ ಕಾರ್ಯಕ್ರಮವಿತ್ತು. ಧೂಳು ಏಳಬಾರದೆಂದು ನೆಲಕ್ಕೆ ನೀರು ಹೊಡೆದಿದ್ದರು. ಅಕ್ಕ ಆ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕಿನ ಕಬ್ಬಿಣದ ಸ್ಟ್ಯಾಂಡ್ ಹಿಡಿದಳು. ಎರಡನೇ ನುಡಿಯಲ್ಲಿ ಸ್ವರ ಎಳೆದಳು. ಎಳೆದೇ ಎಳೆದಳು. ಸ್ವರ ನಡುಗುತ್ತಿತ್ತು. ಜನ ಶಿಳ್ಳೆ ಹೊಡೆದರು. ನಾನೂ ಚಪ್ಪಾಳೆ ತಟ್ಟಿದೆ.

ಹಸಿ ನೆಲ, ಬರಿಗಾಲು, ಕಬ್ಬಿಣ. ಪ್ರತಿ ವರ್ಷ ಬೋರ್ಡಿನ ಮೇಲೆ ಇದೇ ಚಿತ್ರ ಬರೆಯುವವನು ನಾನು.

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನಮ್ಮ ಹಾರ್ಮೋನಿಯಂ ಕಾಕಾ, "ಆ ನುಡ್ಯಾಗ ಎಳಿಯಂಗಿಲ್ಲಲೇ ಆಕಿ! ಕರೆಂಟ್ ಹಿಡದದ!" ಎಂದು ಚೀರಿ, ತಾನು ಕೂತಿದ್ದ ಕಟ್ಟಿಗೆಯ ಸ್ಟೂಲು ಎತ್ತಿ ಅದರಿಂದಲೇ ಸ್ಟ್ಯಾಂಡಿಗೆ ಹೊಡೆದು ಕೆಡವಿದ. ಅಕ್ಕ ಕುಸಿದಳು. ಕಣ್ಣು ಬಿಟ್ಟವಳೇ, "ಮಂದಿ ಎದ್ದು ಹೋದ್ರೇನು?" ಎಂದಳು. ಅಂಗೈ ಸುಟ್ಟಿತ್ತು, ಜೀವ ಉಳಿದಿತ್ತು. ನನ್ನ ಚಪ್ಪಾಳೆಯ ಸದ್ದು ಪಾಠದ ನಡುವೆ ಈಗಲೂ ನನಗೆ ಕೇಳಿಸುತ್ತದೆ.

ಅಂಗೈ ಮಾಯ್ದ ಮೇಲೆ ವಾಡಿಯಲ್ಲಿ ಕಾರ್ಯಕ್ರಮ. ಚಪ್ಪಲಿ ಹಾಕಿಕೋ ಎಂದು ಕೈ ಮುಗಿದೆ.

"ಹಾಡಿನ ಮುಂದ ಚಪ್ಪಲಿ? ಭಾಳ ಓದೀಯಪ್ಪಾ ನೀನು!"

ಕೊನೆಗೆ ಒಂದು ಕಟ್ಟಿಗೆ ಮಣೆ ಹಾಕಿ ಅದರ ಮೇಲೆ ನಿಲ್ಲಿಸಿದೆ. ಅಕ್ಕ ಸುಮ್ಮನಿರುತ್ತಾಳೆಯೇ? "ನೋಡ್ರಿ, ನಮ್ಮ ಮ್ಯಾನೇಜರ್ ಮಣಿ ಹಾಕ್ಯಾರ. ಊಟಕ್ಕೇನು ಮಾಡ್ಯಾರೋ ಕೇಳ್ರಿ" ಎಂದು ಮೈಕಿನಲ್ಲೇ ಅಂದಳು. ಜನ ನಕ್ಕರು. ನಾನು ಹೋಗಿ ಪ್ಲಗ್ಗಿನ ಹತ್ತಿರ ನಿಂತೆ.

ಮೂರನೇ ನುಡಿಗೆ ಆಕೆ ಸ್ವರ ಎಳೆದಳು. ನಾನು ಪ್ಲಗ್ ಕಿತ್ತೆ.

ಮೈಕು ಸತ್ತಿತು. ಅಕ್ಕ ನಿಲ್ಲಿಸಲಿಲ್ಲ. ಹಿಂದಿನ ಸಾಲಿಗೂ ಕೇಳುವಂತೆ ಬರಿ ಕೊರಳಲ್ಲೇ ಆ ನುಡಿ ಮುಗಿಸಿ, ಸೊಂಟಕ್ಕೆ ಕೈ ಇಟ್ಟು ನನ್ನ ಕಡೆ ತಿರುಗಿದಳು.

"ತಮ್ಮಾ, ಈ ಸಲ ಎಳದಾಕಿ ನಾನೇ. ವಾಪಸ್ ಹಚ್ಚು."